ಮುಖಾಮುಖಿ ಡಿಕ್ಕಿಯಾಯಿತೆಂದ ಮಾತ್ರಕ್ಕೆ ಇಬ್ಬರದೂ ತಪ್ಪೇ?

ರಸ್ತೆಯಲ್ಲಿ ಗಾಯಗೊಂಡವರಿಗೂ ಅವರ ಬಂಧುಗಳಿಗೂ ವಿಜ್ಞಾಪನೆ



ನಡುವೆ ವಿಭಜಕವಿಲ್ಲದೆ ಒಂದು ಬಿಳಿಯ ಗೆರೆಯನ್ನಷ್ಟೇ ನೆಚ್ಚಿಕೊಂಡಿರುವ ನಮ್ಮ ನಾಡಿನ ದ್ವಿಪಥದ ರಸ್ತೆಗಳಲ್ಲಿ, ಮುಂದಿನ ಲಾರಿಯನ್ನು ಹಿಂದಿಕ್ಕುವ ತವಕದಿಂದ ಕಾರೊಂದು ತನ್ನ ಪಥವನ್ನು ತೊರೆದು ಬಲಕ್ಕೆ ಹೊರಳಿ, ತನ್ನ ಎಡಮಗ್ಗುಲಿನಲ್ಲೇ ಸಾವಧಾನವಾಗಿ ಬರುತ್ತಿದ್ದ ಎದುರಿನ ಕಾರಿಗೆ ಅಪ್ಪಳಿಸಿತೆಂದರೆ, ಗಾಯಾಳುಗಳನ್ನು ಇನ್ನೂ ಆಸ್ಪತ್ರೆಗೆ ಸಾಗಿಸುವ ಮುನ್ನವೇ, ನೆರೆದ ಹತ್ತು ಮಂದಿಯಲ್ಲಿ ಒಬ್ಬರಾದರೂ ತೀರ್ಪನ್ನು ಕೊಟ್ಟುಬಿಡುತ್ತಾರೆ: ಎರಡು ಕೈ ಸೇರದೆ ಚಪ್ಪಾಳೆಯಾದೀತೆ? ಈ ಗಾದೆಯ ಬೆನ್ನಿಗೇ ರಾಜಿಯ ಮಾತು ಹೊರಡುತ್ತದೆ. ನಿಮ್ಮ ಗಾಡಿ ನೀವು ರಿಪೇರಿ ಮಾಡಿಸಿಕೊಳ್ಳಿ, ನಮ್ಮದು ನಾವು, ಆಸ್ಪತ್ರೆಯ ಖರ್ಚಿಗೆ ಇಷ್ಟು ಹಿಡಿಯಿರಿ ಎಂದು ಹೇಳಿ ಬಿಳಿಯ ಕಾಗದದ ಮೇಲೆ ಸಹಿ ಹಾಕಿಸಿಕೊಳ್ಳುವುದರಲ್ಲಿ ವ್ಯವಹಾರವು ಪರ್ಯವಸಾನವಾಗುತ್ತದೆ. ಆ ಸಹಿಯನ್ನು ಹಾಕಬೇಡಿರೆಂದು ಪ್ರಾರ್ಥಿಸುವುದೇ ಈ ಕರಪತ್ರದ ಉದ್ದೇಶ.

ಇಬ್ಬರದೂ ಸಮಪಾಲಿನ ತಪ್ಪೆಂಬ ಭಾವನೆ ಕೇವಲ ಹಾದಿಬೀದಿಯದಲ್ಲವೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. 2006ರಲ್ಲಿ ಬಿಜಯ್ ಕುಮಾರ್ ದುಗರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಾರು ಮತ್ತು ಬಸ್ಸುಗಳ ಮುಖಾಮುಖಿ ಡಿಕ್ಕಿಯನ್ನು ಪರಿಶೀಲಿಸಿ, ಅಲ್ಲಿ ದೊರೆತ ಸಾಕ್ಷ್ಯದ ಮೇಲೆ, ಇಬ್ಬರು ಚಾಲಕರೂ ಸಮಾನ ಹೊಣೆಗಾರರೆಂದು ಹೇಳಿತು. ವಿಮಾ ಕಂಪನಿಗಳ ವಕೀಲರು ಈ ತೀರ್ಪನ್ನು ಇಂದಿಗೂ ಮುಂದಿಡುತ್ತಾರೆ. ಅದು ಅವರ ಕರ್ತವ್ಯ, ಅದಕ್ಕಾಗಿ ಅವರನ್ನು ದೂಷಿಸಲಾಗದು. ಆದರೆ 2013ರಲ್ಲಿ ಜಿಜು ಕುರುವಿಲ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಅಪಘಾತವಾದ ಮೇಲೆ ವಾಹನಗಳು ನಿಂತ ಸ್ಥಾನವನ್ನು ಮಹಜರಿನಲ್ಲಿ ಕಂಡಷ್ಟಕ್ಕೇ ಯಾರ ಅಜಾಗರೂಕತೆಯೂ ಸಿದ್ಧವಾಗುವುದಿಲ್ಲವೆಂದೂ, ಪ್ರತ್ಯಕ್ಷ ಸಾಕ್ಷ್ಯವಿರುವಲ್ಲಿ ಬರಿಯ ಸಂಶಯದ ಬಲದಿಂದ ಮೃತನ ಮೇಲೆ ತಪ್ಪಿನ ಪಾಲನ್ನು ಹೊರಿಸಲಾಗದೆಂದೂ ಸ್ಪಷ್ಟಪಡಿಸಿತು. ಎರಡನ್ನೂ ಕೂಡಿಸಿ ಓದಿದವನಿಗೆ ತೋರುವುದಿಷ್ಟು: ಅರ್ಧಪಾಲೆಂಬುದು ಮುಖಾಮುಖಿ ಡಿಕ್ಕಿಯ ಸಹಜಧರ್ಮವಲ್ಲ, ಸಾಕ್ಷ್ಯದ ಅಭಾವದಲ್ಲಿ ಉಳಿಯುವ ಶೇಷ.

ಆದುದರಿಂದಲೇ ಸಾಕ್ಷ್ಯವನ್ನು ಕಾಪಾಡಿಕೊಳ್ಳುವುದು ಚಿಕಿತ್ಸೆಯಷ್ಟೇ ತುರ್ತಿನ ಕಾರ್ಯ. ಸಂಚಾರ ಸುಗಮವಾಗಲೆಂದು ಕ್ರೇನು ಬಂದು ವಾಹನಗಳನ್ನು ಎಳೆದೊಯ್ಯುವ ಮುನ್ನ, ಬ್ರೇಕಿನ ಕಪ್ಪು ಗುರುತುಗಳು ಎಲ್ಲಿ ಆರಂಭವಾಗಿ ಎಲ್ಲಿ ಮುಗಿದಿವೆ, ಒಡೆದ ಗಾಜು ಗೆರೆಯ ಯಾವ ಮಗ್ಗುಲಿನಲ್ಲಿ ಬಿದ್ದಿದೆ, ತಿರುವು ಎಷ್ಟು ದೂರದಲ್ಲಿದೆ ಎಂಬುದೆಲ್ಲ ಕಾಣುವಂತೆ ಮೊಬೈಲಿನಲ್ಲಿ ಚಿತ್ರಗಳನ್ನು ಯಾರಾದರೊಬ್ಬರು ತೆಗೆದಿರಿಸಬೇಕು. ಹಿಂದೆ ಬರುತ್ತಿದ್ದ ವಾಹನದವರ ಹೆಸರು, ದೂರವಾಣಿ ಸಂಖ್ಯೆಗಳನ್ನು ಕೇಳಿ ಬರೆದುಕೊಳ್ಳಬೇಕು. ಹತ್ತಿರದ ಪೆಟ್ರೋಲ್ ಬಂಕಿನಲ್ಲೋ ಅಂಗಡಿಯಲ್ಲೋ ಕ್ಯಾಮೆರಾ ಇದ್ದರೆ ಅದರ ದೃಶ್ಯ ಅಳಿದುಹೋಗುವ ಮೊದಲೇ ಪೊಲೀಸರಿಗೆ ತಿಳಿಸಬೇಕು. ದೂರನ್ನು ಬರೆದುಕೊಡುವಾಗ, ಎದುರಿನ ವಾಹನವು ಯಾವುದನ್ನು ಹಿಂದಿಕ್ಕುತ್ತಿತ್ತು, ಯಾವ ಪಥಕ್ಕೆ ನುಗ್ಗಿತು ಎಂಬುದನ್ನು ಮೊದಲ ದಿನವೇ ನಮೂದಿಸದಿದ್ದರೆ, ಮುಂದೆ ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣದಲ್ಲಿ ಹೇಳಿದ್ದು ಆಮೇಲೆ ಕಟ್ಟಿದ ಕಥೆಯೆನಿಸಿಕೊಳ್ಳುತ್ತದೆ.

ಕಾರಿನಲ್ಲಿ ಪ್ರಯಾಣಿಕರಾಗಿ ಕುಳಿತಿದ್ದವರ ಸ್ಥಿತಿಯೇ ಬೇರೆ. ಸ್ಟಿಯರಿಂಗನ್ನು ಮುಟ್ಟದವರಿಗೆ ಚಪ್ಪಾಳೆಯಲ್ಲಿ ಯಾವ ಕೈ? ಇಬ್ಬರು ಚಾಲಕರ ತಪ್ಪಿನಿಂದ ಮೂರನೆಯವನಿಗೆ ಪೆಟ್ಟಾದಾಗ, ಅವನು ಆ ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ಣ ಪರಿಹಾರವನ್ನು ವಸೂಲು ಮಾಡಬಹುದೆಂದು 2015ರ ಖೆನ್ಯೇಯಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಪಾಲು ಹಂಚಿಕೊಳ್ಳುವ ಜಗಳ ಅವರವರಿಗೆ ಬಿಟ್ಟದ್ದು. ಕಾರು ನಡೆಸುತ್ತಿದ್ದವನು ತನ್ನ ಭಾವನೋ ಮಿತ್ರನೋ ಆಗಿದ್ದಾನೆಂಬ ದಾಕ್ಷಿಣ್ಯದಿಂದ ಅರ್ಜಿ ಹಾಕದೆ ಕುಳಿತವರು, ಹಣವನ್ನು ತೆರುವುದು ಸಾಮಾನ್ಯವಾಗಿ ವಿಮಾ ಕಂಪನಿಯೇ ಹೊರತು ಭಾವನಲ್ಲವೆಂಬುದನ್ನು ಮರೆಯುತ್ತಾರೆ.

ರಾಜಿಯನ್ನು ವಿರೋಧಿಸಲು ಇನ್ನೊಂದು ಕಾರಣವು ದೇಹದೊಳಗೇ ಅಡಗಿದೆ. ಎದುರುಬದುರು ಡಿಕ್ಕಿಯಲ್ಲಿ ಮೊಣಕಾಲು ಡ್ಯಾಷ್‌ಬೋರ್ಡಿಗೆ ಬಡಿದು, ಆ ಆಘಾತವು ತೊಡೆಯ ಮೂಳೆಯ ಮೂಲಕ ಸೊಂಟದ ಕೀಲಿಗೆ ತಲುಪುವುದುಂಟು. ಅಂಥ ಕೀಲು ವರ್ಷಗಳ ತರುವಾಯ ಸವೆದು, ಕೃತಕ ಕೀಲನ್ನು ಜೋಡಿಸಬೇಕಾಗಿ ಬರಬಹುದು. ಮೊದಲ ವಾರದಲ್ಲಿ ಕೈಗೆ ಬಂದ ಹಣವು ಆ ದಿನದ ವೆಚ್ಚವನ್ನು ಹೇಗೆ ತಾನೆ ಊಹಿಸೀತು? ಅಂಗವೈಕಲ್ಯದ ಶೇಕಡಾಂಶಕ್ಕಿಂತ ದುಡಿಮೆಯ ಶಕ್ತಿಯ ನಷ್ಟವೇ ಮುಖ್ಯವೆಂದು ಸರ್ವೋಚ್ಚ ನ್ಯಾಯಾಲಯದ 2010ರ ರಾಜ್‌ಕುಮಾರ್ ತೀರ್ಪು ವಿವರಿಸಿದೆ. ಎಡಗೈಯನ್ನು ಕಳೆದುಕೊಂಡ ಗುಮಾಸ್ತನು ನೌಕರಿಯಲ್ಲೇ ಮುಂದುವರಿಯಬಹುದು, ಬಡಗಿಗಾದರೋ ಚಾಲಕನಿಗಾದರೋ ಅದು ಬಹುತೇಕ ಸಂಪೂರ್ಣ ನಷ್ಟ. ಇಂಥ ವಿವೇಚನೆಯನ್ನು ರಸ್ತೆಬದಿಯ ಪಂಚಾಯಿತಿಯಿಂದ ನಿರೀಕ್ಷಿಸಲಾಗದು. ಆಸ್ಪತ್ರೆಯ ಮುಂಗಡಕ್ಕೆ ಹೆದರಿ ಸಹಿ ಹಾಕುವವರು, ಕೇಂದ್ರ ಸರ್ಕಾರದ 2025ರ ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆಯೆಂಬುದನ್ನು ವಿಚಾರಿಸಿಕೊಳ್ಳತಕ್ಕದ್ದು.

ತಪ್ಪನ್ನು ಸ್ಥಾಪಿಸದೆಯೇ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿಗಳನ್ನು ಮೋಟಾರು ವಾಹನ ಕಾಯಿದೆಯ 164ನೆಯ ಕಲಮು ಒದಗಿಸುತ್ತದೆ, ನಿಜ. ಆದರೆ ಕಾಯಿದೆಯು ವಿಧಿಸಿದ ಕ್ರಮದಂತೆ ಅದನ್ನು ಸ್ವೀಕರಿಸಿದವನ ಅರ್ಜಿಯು ನ್ಯಾಯಾಧಿಕರಣದಲ್ಲಿ ರದ್ದಾಗುವುದೆಂಬ ಮಾತೂ ಅದೇ ಕಾಯಿದೆಯಲ್ಲಿದೆ. ತೀವ್ರ ಗಾಯವಾಗಿಯೂ ಪೂರ್ಣವಾಗಿ ಚೇತರಿಸಿಕೊಂಡವನಿಗೆ ಈ ಮೊತ್ತ ಸಾಕಾದೀತು. ಸಂಸಾರವನ್ನು ಸಾಕುತ್ತಿದ್ದ ಯುವಕನು ಹಾಸಿಗೆ ಹಿಡಿದಿದ್ದರೆ, ವಕೀಲರನ್ನು ಕೇಳದೆ ಅತ್ತ ಕೈಚಾಚಬಾರದು.

ಕಾಲಾವಧಿಯ ವಿಷಯದಲ್ಲಿ ಮಾತ್ರ ಔದಾಸೀನ್ಯ ಸಲ್ಲದು. 1994ರ ತಿದ್ದುಪಡಿಯಿಂದ ತೊಲಗಿದ್ದ, ಅಪಘಾತವಾದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ಗಡುವು 2019ರ ತಿದ್ದುಪಡಿಯಿಂದ ಮರಳಿ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರ ಸಿಂಧುತ್ವದ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದೆಯಾದರೂ, ಗಡುವು ರದ್ದಾದೀತೆಂಬ ಭರವಸೆಯ ಮೇಲೆ ಅರ್ಜಿಯನ್ನು ಮುಂದೂಡುವುದು ಅವಿವೇಕ. ಅಪಘಾತವಾದ ಊರಿಗೇ ಅಲೆಯಬೇಕಾಗಿಯೂ ಇಲ್ಲ; ಚಾರ್ಮಾಡಿಯ ತಿರುವಿನಲ್ಲಿ ಪೆಟ್ಟುತಿಂದ ಕಲಬುರಗಿಯ ನಿವಾಸಿಯು ತನ್ನ ವಾಸಸ್ಥಳದ ವ್ಯಾಪ್ತಿಯ ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣದಲ್ಲಿಯೇ ಅರ್ಜಿ ಸಲ್ಲಿಸಬಹುದು. ವಕೀಲರ ಶುಲ್ಕಕ್ಕೆ ಅನುಕೂಲವಿಲ್ಲದವರು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕಾಣಬೇಕು. ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ, ಅಂಗವಿಕಲರಿಗೂ ಅಲ್ಲಿ ಆದಾಯವನ್ನು ಲೆಕ್ಕಿಸದೆ ಉಚಿತವಾಗಿ ವಕೀಲರನ್ನು ನೇಮಿಸಿಕೊಡುತ್ತಾರೆ. ಹೋಗುವಾಗ ಎಫ್.ಐ.ಆರ್. ಮತ್ತು ಮಹಜರಿನ ನಕಲು, ಗಾಯದ ಪ್ರಮಾಣಪತ್ರ, ಔಷಧದ ರಸೀದಿಗಳು, ವರಮಾನದ ದಾಖಲೆ, ಎದುರಿನ ವಾಹನದ ವಿಮೆಯ ಸಂಖ್ಯೆ ಇವುಗಳನ್ನು ಒಯ್ಯತಕ್ಕದ್ದು; ಒಂದೆರಡು ಇನ್ನೂ ಕೈಸೇರದಿದ್ದರೂ ಅದಕ್ಕಾಗಿ ಕಾಯದೆ ಹೊರಡತಕ್ಕದ್ದು.