ವಾಕ್ಚಿತ್ರದ ಸ್ವಾಮ್ಯವು ಎಂದಿನವರೆಗೆ?

ಕಳೆದ ರಾಜ್ಯೋತ್ಸವದಂದು ‘ರಣಧೀರ ಕಂಠೀರವ’ ವಾಕ್ಚಿತ್ರವನ್ನು ಬಯಲಿನಲ್ಲಿ ಊರವರಿಗೆಲ್ಲ ತೋರಿಸಬೇಕೆಂದು ನಮ್ಮ ತರುಣರು ಉದ್ಯುಕ್ತರಾಗಿದ್ದರು. ೧೯೬೦ರಲ್ಲಿ ತೆರೆಕಂಡ ಈ ಚಿತ್ರವನ್ನು ಕಲಾವಿದರೇ ಕೂಡಿ ನಿರ್ಮಿಸಿದರು. ಅವರಲ್ಲಿ ನೆರೆಯ ತಿಪಟೂರಿನ ನರಸಿಂಹರಾಜುರವರೂ ಒಬ್ಬರು. ಅಷ್ಟರಲ್ಲಿ ವ್ಯಾಪಾರಿಯೊಬ್ಬನು, “ಇದರ ಸರ್ವಸ್ವಾಮ್ಯವೂ ನಮ್ಮದು, ಹಣ ಕಟ್ಟದಿದ್ದರೆ ವ್ಯಾಜ್ಯ ಹೂಡುವೆವು” ಎಂದು ಬೆದರಿಸಿದನು. ತರುಣರು ಅಂಜಿ ಕೈಬಿಟ್ಟರು. ಯಾವ ಸ್ವಾಮ್ಯ, ಎಂದಿನವರೆಗೆ, ಎಂದು ಕೇಳಿದವರು ಒಬ್ಬರೂ ಇಲ್ಲ!

ವಾದವನ್ನು ಹೂಡಿದವನೇ ಪ್ರಮಾಣವನ್ನು ಒದಗಿಸತಕ್ಕದ್ದೆಂಬುದು ತರ್ಕದ ಮೊದಲ ಪಾಠ. ೧೯೫೭ರ ಕೃತಿಸ್ವಾಮ್ಯ ಶಾಸನದ ೨೬ನೆಯ ಕಲಮು ಸ್ಪಷ್ಟವಾಗಿದೆ: ಚಿತ್ರವು ಪ್ರಕಟವಾದ ವರ್ಷದ ಮುಂದಿನ ಜನವರಿ ಮೊದಲ ದಿನದಿಂದ ೬೦ ವರ್ಷ. ಮೊದಲು ೫೦ ಇದ್ದುದನ್ನು ೧೯೯೨ರಲ್ಲಿ ಹೆಚ್ಚಿಸಿದರು. ೧೯೬೧ರಿಂದ ಎಣಿಸಿದರೆ ೨೦೨೦ರ ಡಿಸೆಂಬರ್ ೩೧ಕ್ಕೆ ಆ ಚಿತ್ರದ ಸ್ವಾಮ್ಯವು ತೀರಿತು. ಗುತ್ತಿಗೆ ತೀರಿದ ಮೇಲೂ ಕಾಯಿ ಕೀಳಬರುವವನನ್ನು ನಮ್ಮ ಸೀಮೆಯ ಯಾವ ರೈತನು ತೋಟದೊಳಕ್ಕೆ ಬಿಟ್ಟಾನು?

ಹಾಗೆಂದು, ಹಳೆಯದೆಲ್ಲವೂ ಊರ ಸೊತ್ತೆಂಬ ಮಾತನ್ನೂ ನಾನು ಒಪ್ಪತಕ್ಕವನಲ್ಲ. ಚಿತ್ರದ ಸ್ವಾಮ್ಯ ಬೇರೆ. ಅದರೊಳಗಣ ಸಂಭಾಷಣೆ, ಗೀತ, ಸಂಗೀತಗಳ ಸ್ವಾಮ್ಯ ಬೇರೆ. ೧೩ನೆಯ ಕಲಮು ಈ ಭೇದವನ್ನು ಕಾಪಾಡಿದೆ. ಇವುಗಳಿಗೆ, ಕರ್ತೃವು ಗತಿಸಿದ ಮರುವರ್ಷದಿಂದ ೬೦ ವರ್ಷ. ಈ ಚಿತ್ರದ ಸಾಹಿತ್ಯವನ್ನು ರಚಿಸಿದ ಜಿ. ವಿ. ಅಯ್ಯರ್ ರವರು ಗತಿಸಿದ್ದು ೨೦೦೩ರಲ್ಲಿ. ಅವರ ಮಾತುಗಳ ಸ್ವಾಮ್ಯ ೨೦೬೩ರ ಕೊನೆಯವರೆಗೂ ಉಂಟು. ಆದುದರಿಂದ, ಹಣ ಕೇಳುವವನು ಚಿತ್ರಕ್ಕಾಗಿ ಕೇಳುವನೋ ಸಾಹಿತ್ಯಕ್ಕಾಗಿಯೋ ಎಂಬುದನ್ನು ಮೊದಲು ತಿಳಿಸಲಿ. ಚಿತ್ರಕ್ಕಾದರೆ ಅವನಿಗೆ ಕಾಸೂ ಸಲ್ಲದು. ಸಾಹಿತ್ಯಕ್ಕಾದರೆ ಆ ಹಕ್ಕು ತನಗೆ ಹೇಗೆ ಬಂತೆಂಬ ಪತ್ರವನ್ನು ತೋರಿಸಲಿ. ತೋರಿಸಿದರೆ ಸಲ್ಲತಕ್ಕದ್ದನ್ನು ಗೌರವದಿಂದಲೇ ಸಲ್ಲಿಸೋಣ. ಕವಿಯ ಋಣವನ್ನು ಮುಳುಗಿಸುವುದು ಸಜ್ಜನರ ಲಕ್ಷಣವಲ್ಲ. ಆದರೆ ಕವಿಯ ಹೆಸರಿನಲ್ಲಿ ಮತ್ತೊಬ್ಬನ ಚೀಲವನ್ನು ತುಂಬುವುದು ಋಣ ತೀರಿಸುವುದಲ್ಲ.

ಇಷ್ಟು ಚರ್ಚೆ ಏತಕ್ಕೆಂದು ವಾಚಕರು ಕೇಳಬಹುದು. ಕನ್ನಡದ ಮೊದಲನೆಯ ವಾಕ್ಚಿತ್ರ ‘ಸತಿ ಸುಲೋಚನ’ ೧೯೩೪ರಲ್ಲಿ ಬಂದಿತು. ಇಂದು ಅದರ ಪ್ರತಿಯೇ ಉಳಿದಿಲ್ಲ. ನೋಡುವವರಿದ್ದರೆ ಚಿತ್ರಗಳು ಉಳಿಯುತ್ತವೆ. ಪೆಟ್ಟಿಗೆಯಲ್ಲಿ ಬಿದ್ದರೆ ಕೊಳೆಯುತ್ತವೆ. ಇಲ್ಲದ ಸ್ವಾಮ್ಯಕ್ಕೆ ಅಂಜಿ ತೆರೆಯನ್ನು ಮಡಿಚಿಡುವವರು, ತಿಳಿಯದೆಯೇ ಆ ನಾಶಕ್ಕೆ ನೆರವಾಗುತ್ತಾರೆ. ನಮ್ಮ ತರುಣರು ಮುಂದಿನ ರಾಜ್ಯೋತ್ಸವಕ್ಕೆ ತೆರೆಯನ್ನು ಕಟ್ಟಲಿ. ಬೆದರಿಸಬಂದವನ ಮುಂದೆ ಪಂಚಾಂಗದೊಡನೆ ಶಾಸನದ ಪುಸ್ತಕವನ್ನೂ ಇಡಲಿ.