ಆ ಸೂಜಿ ಯಾರ ಕೈಗೆ ಚುಚ್ಚುತ್ತೆ?



ಎಚ್‌ಐವಿ ತಡೆ ಯೋಜನೆಯ ಸಭೆಗಳಲ್ಲಿ ಡಾಕ್ಟರ್ ಇರ್ತಾರೆ, ಅಧಿಕಾರಿ ಇರ್ತಾರೆ, ಎನ್‌ಜಿಒದವರು ಇರ್ತಾರೆ. ಇಂಜೆಕ್ಷನ್ ನಶೆ ಮಾಡೋರು ಮಾತ್ರ ಇರಲ್ಲ, ಅವರ ಅಂಕಿಅಂಶ ಇರುತ್ತೆ. ನಮಗಿದು ಹೊಸದಾ? ಕೇರಿಗೆ ಏನು ಬೇಕು ಅಂತ ಊರಿನವರೇ ತೀರ್ಮಾನ ಮಾಡಿದ್ದನ್ನು ತಲೆಮಾರುಗಳಿಂದ ಕಂಡವರು ನಾವು.

ನ್ಯಾಕೋದ 2017ರ ಲೆಕ್ಕದಲ್ಲಿ ದೇಶದ ವಯಸ್ಕರಲ್ಲಿ ಎಚ್‌ಐವಿ ಶೇ. 0.22, ಇಂಜೆಕ್ಷನ್ ನಶೆ ಮಾಡುವವರಲ್ಲಿ ಶೇ. 6.26. ಇದಕ್ಕೆ ಮುಖ್ಯ ಕಾರಣ ಒಂದೇ ಸಿರಿಂಜನ್ನು ನಾಲ್ಕು ಜನ ಹಂಚಿಕೊಳ್ಳೋದು. ಯಾಕೆ ಹಂಚಿಕೊಳ್ತಾರೆ? ಜೇಬಲ್ಲಿ ಸಿರಿಂಜ್ ಸಿಕ್ಕರೆ ಪೊಲೀಸರು ಎತ್ತಾಕ್ಕೊಂಡು ಹೋಗ್ತಾರೆ ಅನ್ನೋ ಭಯ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸೇವನೆಗೂ ಜೈಲಿದೆ. ಆದರೆ 2017ರ ಎಚ್‌ಐವಿ ಕಾಯ್ದೆಯ 22ನೇ ಸೆಕ್ಷನ್, ಸೋಂಕು ತಡೆಯಲು ಶುದ್ಧ ಸೂಜಿ ಕೊಡೋದು ಅಪರಾಧವಲ್ಲ ಅನ್ನುತ್ತೆ. ನಿಮ್ಮೂರಿನ ಠಾಣೆಯಲ್ಲಿ ಒಮ್ಮೆ ಕೇಳಿ ನೋಡಿ, ಆ ಸೆಕ್ಷನ್ ಯಾರಿಗೆ ಗೊತ್ತು ಅಂತ.

ಇನ್ನು ಬುಪ್ರೆನಾರ್ಫಿನ್ ಮಾತ್ರೆ. ಸಾಮಾನ್ಯವಾಗಿ ದಿನಾ ಕೇಂದ್ರಕ್ಕೆ ಹೋಗಿ ಸಿಬ್ಬಂದಿ ಎದುರಿಗೇ ನಾಲಿಗೆ ಕೆಳಗೆ ಇಟ್ಕೋಬೇಕು. ಕೇಂದ್ರದ ಬಾಗಿಲು ಆಫೀಸ್ ಟೈಮಿಗೆ ತೆರೆದರೆ, ಬೆಳಿಗ್ಗೆ ಏಳಕ್ಕೇ ಕೆಲಸಕ್ಕೆ ನಿಲ್ಲಬೇಕಾದ ಗಾರೆ ಕೂಲಿಯವನು ಏನು ಮಾಡಬೇಕು? ಮಾತ್ರೆಗೆ ಹೋದರೆ ಕೂಲಿ ಹೋಯ್ತು, ಕೂಲಿಗೆ ಹೋದರೆ ಮಾತ್ರೆ ಹೋಯ್ತು. ಕೊನೆಗೆ ಫೈಲಲ್ಲಿ ‘ರೋಗಿ ಸಹಕರಿಸಲಿಲ್ಲ’ ಅಂತ ಬರೀತಾರೆ! ಹೆಂಗಸರ ಪಾಡು ಇನ್ನೂ ಕಷ್ಟ, ಗಂಡಸರೇ ತುಂಬಿರೋ ಕೇಂದ್ರದೊಳಗೆ ಅವರು ಕಾಲಿಡೋದೇ ಇಲ್ಲ.

‘ನಶೆ ನಮ್ಮ ಹುಡುಗರನ್ನು ತಿಂತಾ ಇದೆ, ನೀವು ಸೂಜಿ ಕೊಡಿ ಅಂತೀರಲ್ಲಾ’ ಅಂತ ನಮ್ಮ ಸಂಗಾತಿಗಳೇ ಕೇಳ್ತಾರೆ. ಸಿಟ್ಟು ನ್ಯಾಯವೇ. ಆದರೆ ನಶೆ ಬಿಡಬೇಕಾದರೂ ಹುಡುಗ ಮೊದಲು ಬದುಕಿರಬೇಕಲ್ವಾ? 1984ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸಿರಿಂಜ್ ವಿನಿಮಯ ಶುರುವಾಗಿದ್ದೇ ನಶೆ ಮಾಡುವವರ ಸಂಘದ ಒತ್ತಾಯದಿಂದ. ಅವರಿಗೆ ತಮ್ಮ ಜೀವದ ಬೆಲೆ ಗೊತ್ತಿತ್ತು.

ವಿನಿಮಯ ಅಂದ್ರೆ ಹೊಸದು ಕೊಡೋದಷ್ಟೇ ಅಲ್ಲ, ಹಳೇದನ್ನ ವಾಪಸ್ ತಗೊಳ್ಳೋದು. ವಾಪಸ್ ಬರದ ಸೂಜಿ ಕಸಕ್ಕೆ, ಚರಂಡಿಗೆ ಬೀಳುತ್ತೆ. ಅಲ್ಲಿಗೆ ಕೈ ಹಾಕೋದು ಯಾರ ಮಕ್ಕಳು? ನಮ್ಮ ಪೌರಕಾರ್ಮಿಕರು, ಚಿಂದಿ ಆಯೋರು. ಸೂಜಿ ಚುಚ್ಚಿದರೆ 72 ಗಂಟೆಯೊಳಗೆ ಪಿಇಪಿ ಮಾತ್ರೆ ಶುರು ಮಾಡಿ 28 ದಿನ ತಗೋಬೇಕು. ಈ ಮಾತನ್ನ ಗುತ್ತಿಗೆ ಪೌರಕಾರ್ಮಿಕರಿಗೆ ಯಾವ ಮೇಸ್ತ್ರಿ ಹೇಳಿದ್ದಾನೆ? ಎಚ್‌ಐವಿ ಯೋಜನೆಯ ಕಾಗದದಲ್ಲಿ ಇವರ ಹೆಸರು ಯಾಕಿಲ್ಲ?

ಅದಕ್ಕೇ ನಮ್ಮ ಒತ್ತಾಯ: ಯೋಜನಾ ಸಮಿತಿಯಲ್ಲಿ ನಶೆ ಮಾಡುವವರೂ ಪೌರಕಾರ್ಮಿಕರೂ ಕೂರಬೇಕು. ಕರೆದು ಟೀ ಕೊಟ್ಟು ಫೋಟೋ ತೆಗೆದು ಕಳಿಸೋದಲ್ಲ. ತೀರ್ಮಾನದ ಹಕ್ಕಿನ ಸಮೇತ, ಆ ದಿನದ ಕೂಲಿ ಸಮೇತ.