ಬೂಸಾ ತಿಂದ ಎಮ್ಮೆಗೆ ಮತ್ತೊಂದು ಹಿಡಿ ಪುಡಿ ಏಕೆ?

ಮಾಟುಂಗದಲ್ಲಿ ಕಾಫಿಯ ವಿಷಯಕ್ಕೆ ಜಗಳ ತೆಗೆಯುವುದು ಸುಲಭ. ಚಿಕೋರಿ ಎಷ್ಟಿರಬೇಕು, ಡಿಕಾಕ್ಷನ್ ಮೊದಲನೆಯದೋ ಎರಡನೆಯದೋ, ಹಾಲು ಎಮ್ಮೆಯದೋ ಹಸುವಿನದೋ. 1926ರಿಂದ ಮೈಸೂರು ಅಸೋಸಿಯೇಷನ್, 1942ರಿಂದ ರಾಮ ನಾಯಕರ ಉಡುಪಿ ಊಟ ಇರುವ ಈ ಬಡಾವಣೆಯ ಜನ ಹಾಲಿನ ಗಟ್ಟಿತನವನ್ನು ನಾಲಗೆಯಲ್ಲೇ ಅಳೆಯುತ್ತಾರೆ. ಆ ಎಮ್ಮೆ ಏನು ತಿಂದಿತು, ತಿಂದದ್ದರಲ್ಲಿ ಎಷ್ಟು ಹಾಲಿಗೆ ಬಂತು, ಎಷ್ಟು ಸಗಣಿಗೆ ಹೋಯಿತು ಎಂಬುದು ಯಾರ ಜಗಳದ ವಿಷಯವೂ ಆಗಿಲ್ಲ. ಆಗಬೇಕು.

ಪ್ರಶ್ನೆ ರಂಜಕದ್ದು, ಅಂದರೆ ಫಾಸ್ಫರಸ್‌ನದು. (ಮರಾಠಿಯಲ್ಲಿ ರಂಜಕ ಎಂದರೆ ಬಂದೂಕಿಗೆ ಕಿಡಿ ಹಚ್ಚುವ ಮದ್ದು, ಕನ್ನಡದ ಪಠ್ಯಪುಸ್ತಕ ಅದೇ ಪದವನ್ನು ಮೂಳೆ ಕಟ್ಟುವ ಧಾತುವಿಗೆ ಕೊಟ್ಟಿದೆ.) ದಿನಕ್ಕೆ 10 ಲೀಟರ್ ಕರೆಯುವ ಪ್ರಾಣಿಗೆ ಸುಮಾರು 40 ಗ್ರಾಂ ರಂಜಕ ಸಾಕು. ಅದರಲ್ಲಿ ಹಾಲಿನೊಳಗೆ ಹೋಗುವುದು 10 ಗ್ರಾಂ ಆಸುಪಾಸು. ಈಗ ತಬೇಲಾದ ಬಾನಿಯನ್ನು ನೋಡಿ. 4 ಕಿಲೋ ಗೋಧಿ ಬೂಸಾ ಹಾಕಿದರೆ ಅದೊಂದರಲ್ಲೇ ಸುಮಾರು 40 ಗ್ರಾಂ ಬಂತು. 2 ಕಿಲೋ ಹತ್ತಿಬೀಜದ ಹಿಂಡಿ ಇನ್ನೊಂದು 12-15 ಗ್ರಾಂ ತರುತ್ತದೆ. ಹುಲ್ಲಿನದು ಬೇರೆ. ಇಷ್ಟೆಲ್ಲ ಆದ ಮೇಲೆ ಖನಿಜ ಮಿಶ್ರಣದ ಚೀಲ ಬರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಶೇ 12ರಷ್ಟು ರಂಜಕ. 50 ಗ್ರಾಂ ಪುಡಿಗೆ ಮತ್ತೆ 6 ಗ್ರಾಂ.

ಮಾರುವವರ ಬಳಿ ಎರಡು ಉತ್ತರಗಳಿವೆ. ಮೊದಲನೆಯದು, ಬೂಸಾದ ರಂಜಕ ಫೈಟೇಟ್ ರೂಪದಲ್ಲಿ ಕಟ್ಟಿಕೊಂಡಿರುತ್ತದೆ, ಪ್ರಾಣಿಗೆ ದಕ್ಕುವುದಿಲ್ಲ ಎಂಬುದು. ಕೋಳಿಗೆ, ಹಂದಿಗೆ ಈ ಮಾತು ನಿಜ. ಅದಕ್ಕೇ ಅವುಗಳ ಮೇವಿಗೆ ಫೈಟೇಸ್ ಎಂಬ ಕಿಣ್ವ ಬೆರೆಸುತ್ತಾರೆ. ಎಮ್ಮೆ ಕೋಳಿಯಲ್ಲ. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಕಿಣ್ವವನ್ನು ತಾವೇ ತಯಾರಿಸಿ ಕಟ್ಟು ಬಿಚ್ಚುತ್ತವೆ. ಕೋಳಿಯ ಪಾಠವನ್ನು ಎಮ್ಮೆಯ ಮುಂದೆ ಒಪ್ಪಿಸುವುದು ಅಜ್ಞಾನ, ಇಲ್ಲವೇ ವ್ಯಾಪಾರ.

ಎರಡನೆಯದು ಗರ್ಭದ ಹೆದರಿಕೆ: ರಂಜಕ ಕಡಿಮೆಯಾದರೆ ಬೆದೆಗೆ ಬರುವುದಿಲ್ಲ, ಗಬ್ಬ ನಿಲ್ಲುವುದಿಲ್ಲ. ನಿಜವಾದ ಕೊರತೆಯಿದ್ದಲ್ಲಿ ಹಾಗಾಗುತ್ತದೆ. ಆದರೆ ಸಾಕಷ್ಟಿರುವಲ್ಲಿ ಇನ್ನಷ್ಟು ಸುರಿದರೆ ಗರ್ಭ ಬೇಗ ಕಟ್ಟುತ್ತದೆಯೇ? ಅಮೆರಿಕದ ಹೈನುಗಾರರು ಬಹುಕಾಲ ಹಾಗೇ ನಂಬಿ, ಒಣ ಮೇವಿನ ಶೇ 0.48ರವರೆಗೂ ರಂಜಕ ತಿನ್ನಿಸುತ್ತಿದ್ದರು. ವಿಸ್ಕಾನ್ಸಿನ್‌ನಲ್ಲಿ ಲ್ಯಾರಿ ಸ್ಯಾಟರ್ ಮತ್ತು ಸಂಗಡಿಗರು ಅಳೆದು ನೋಡಿದಾಗ, ಇಲ್ಲಿನ ಎಮ್ಮೆಗಿಂತ ಎಷ್ಟೋ ಹೆಚ್ಚು ಕರೆಯುವ ಹಸುಗಳಿಗೂ ಶೇ 0.38ರ ಆಸುಪಾಸು ಸಾಕಾಯಿತು. ಹೆಚ್ಚು ತಿನ್ನಿಸಿದ್ದರಿಂದ ಹಾಲೂ ಹೆಚ್ಚಲಿಲ್ಲ, ಗರ್ಭವೂ ಬೇಗ ನಿಲ್ಲಲಿಲ್ಲ. ಹೆಚ್ಚಾದದ್ದು ಸಗಣಿಯಲ್ಲಿನ ರಂಜಕ.

ಹೊಲವಿದ್ದವನಿಗೆ ಆ ಸಗಣಿ ಆಸ್ತಿ. ತಬೇಲಾಕ್ಕೆ ಹೊಲವಿಲ್ಲ. ನಗರದ ಕೊಟ್ಟಿಗೆಗಳನ್ನು ಎಬ್ಬಿಸಿ, ಸುಮಾರು 16 ಸಾವಿರ ಪ್ರಾಣಿಗಳಿಗೆ ಜಾಗವಾಗುವಂತೆ ಗೋರೆಗಾಂವ್‌ನಲ್ಲಿ ಆರೆ ಹಾಲಿನ ಕಾಲೊನಿ ಕಟ್ಟಿದರು. 1951ರಲ್ಲಿ ನೆಹರೂ ಉದ್ಘಾಟಿಸಿದರು. ಹಾಲಿನ ದಾರಿಯನ್ನು ಚೆನ್ನಾಗಿಯೇ ಯೋಚಿಸಿದ್ದರು. ಸಗಣಿಯ ದಾರಿಗೆ ಓಶಿವರಾ, ಮಿಠಿ ನದಿಗಳು ಸಿಕ್ಕವು. ಮಿಠಿ ಧಾರಾವಿಯ ಮಗ್ಗುಲಲ್ಲಿ ಹರಿದು ಮಾಹಿಮ್ ಖಾರಿ ಸೇರುತ್ತದೆ; ಮಾಟುಂಗದಿಂದ ಅದೇನು ದೂರವಲ್ಲ. ಅದನ್ನು ಕೆಡಿಸಿದ್ದರಲ್ಲಿ ಮನೆ ಕೊಳಚೆಯದೇ ದೊಡ್ಡ ಪಾಲು, ಎಮ್ಮೆಯ ತಲೆಗೆ ಎಲ್ಲವನ್ನೂ ಕಟ್ಟುವುದು ತಪ್ಪು. ಆದರೆ ಒಂದು ಪ್ರಾಣಿಗೆ ದಿನಕ್ಕೆ ಬರೀ 20 ಗ್ರಾಂ ಹೆಚ್ಚಾಯಿತು ಎಂದುಕೊಂಡರೂ, ಸಾವಿರ ಎಮ್ಮೆಗೆ ವರ್ಷಕ್ಕೆ 7 ಟನ್ ರಂಜಕ ಸುಮ್ಮನೆ ಹೋಗುತ್ತದೆ. ನಿಂತ ನೀರಿನಲ್ಲಿ ಪಾಚಿ, ಅಂತರಗಂಗೆ ಹಬ್ಬಲು ಬೇಕಾದದ್ದು ಇದೇ.

ಇದು ಬಿಟ್ಟಿ ಸಿಗುವ ವಸ್ತುವೂ ಅಲ್ಲ. ರಾಜಸ್ಥಾನದ ಝಾಮರ್‌ಕೋಟ್ರಾದಲ್ಲಿ ಒಂದಿಷ್ಟು ಶಿಲಾರಂಜಕ ಅಗೆಯುತ್ತಾರೆ. ದೇಶಕ್ಕೆ ಬೇಕಾದ ಬಹುಪಾಲು ಜೋರ್ಡಾನ್, ಮೊರಾಕ್ಕೊಗಳಂಥ ಕಡೆಯಿಂದ ಹಡಗಿನಲ್ಲಿ ಬರುತ್ತದೆ. ಖನಿಜ ಮಿಶ್ರಣದ ಬೆಲೆಯಲ್ಲಿ ದೊಡ್ಡ ಪಾಲು ರಂಜಕದ್ದೇ.

ಅತ್ತ ಒಣಸೀಮೆಯಲ್ಲಿ ಬರೀ ರಾಗಿ ಹುಲ್ಲು, ಜೋಳದ ಸೊಪ್ಪೆ ತಿನ್ನುವ ದನ ರಂಜಕ ಸಾಲದೆ ಎಲುಬು, ಬಟ್ಟೆ, ಮಣ್ಣು ಅಗಿಯುತ್ತದೆ. ಆ ಚೀಲ ಬೇಕಾದದ್ದು ಅದಕ್ಕೆ. ಆಯಾ ಸೀಮೆಯ ಮೇವಿನಲ್ಲಿ ಇಲ್ಲದ್ದನ್ನಷ್ಟೇ ತುಂಬುವ ಮಿಶ್ರಣ ಮಾಡಿ ಎಂದು ಬೆಂಗಳೂರಿನ ಆಡುಗೋಡಿಯಲ್ಲಿರುವ ಪಶು ಪೋಷಣೆಯ ರಾಷ್ಟ್ರೀಯ ಸಂಸ್ಥೆಯ ವಿಜ್ಞಾನಿಗಳು ಹೇಳುತ್ತಲೇ ಬಂದಿದ್ದಾರೆ. ಆದರೂ ಬೂಸಾ ತಿನ್ನುವ ಎಮ್ಮೆಗೂ ಹುಲ್ಲು ತಿನ್ನುವ ಹಸುವಿಗೂ ಅಂಗಡಿಯಲ್ಲಿ ಅದೇ ಪುಡಿ.

ಬೂಸಾದಲ್ಲಿ ಕೊರತೆಯಿರುವುದು ಕ್ಯಾಲ್ಸಿಯಂ. ಅದಕ್ಕೆ ಮೇವಿನ ದರ್ಜೆಯ ಸುಣ್ಣಕಲ್ಲಿನ ಪುಡಿ ಸಾಕು, ಬಲು ಅಗ್ಗ. ಸತು, ತಾಮ್ರ ಬೇಕಿದ್ದರೆ ಜೊತೆಗೆ ಬೆರೆಸಬಹುದು. ಖನಿಜದ ಚೀಲದ ಮೇಲೆ ರಂಜಕ ಶೇಕಡಾ ಎಷ್ಟೆಂದು ಅಚ್ಚು ಹಾಕುವವರು ಬೂಸಾ, ಹಿಂಡಿಯ ಗೋಣಿಯ ಮೇಲೂ ಹಾಕಲಿ. ರಂಜಕವಿಲ್ಲದ ಮಿಶ್ರಣವನ್ನೂ ಪಕ್ಕದಲ್ಲೇ ಮಾರಲಿ. ತಬೇಲಾದ ಮಾಲೀಕ ಎರಡು ಗೋಣಿ ಓದಿ ಕೂಡಿಸಬಲ್ಲ. ಹಾಲಿನ ಲೆಕ್ಕವನ್ನು ದಿನವೂ ಬಾಯಲ್ಲೇ ಮಾಡುವವನು ಅವನು.